ಪಾಸ್‌ವರ್ಡ್ ನೀತಿಯವರೊಡನೆ ಒಂದು ಸಂದರ್ಶನ

ಕಚೇರಿಯ ಡೇಟಾಬೇಸಿನಲ್ಲಿ ಹೊಸಬರೊಬ್ಬರಿಗೆ ಲಾಗಿನ್ ತೆರೆದುಕೊಡಲು ಕುಳಿತ ನಿರ್ವಾಹಕನು, ಹೆಸರನ್ನು ತುಂಬಿ, ಪಾಸ್‌ವರ್ಡನ್ನು ಮೇಲೊಮ್ಮೆ ಕೆಳಗೊಮ್ಮೆ ಬರೆದು, ಓಕೆ ಗುಂಡಿಯನ್ನು ಒತ್ತಿದೊಡನೆಯೇ ಪರದೆಯ ಮಧ್ಯದಲ್ಲಿ ಪ್ರತ್ಯಕ್ಷರಾಗಿ, ‘ಈ ಪಾಸ್‌ವರ್ಡ್ ಸಾಕಷ್ಟು ಸಂಕೀರ್ಣವಾಗಿಲ್ಲದ ಕಾರಣ ಆಪರೇಟಿಂಗ್ ಸಿಸ್ಟಂನ ನೀತಿಗೆ ಸಮ್ಮತವಲ್ಲ; ದೋಷ ಸಂಖ್ಯೆ 15118’ ಎಂದು ಅಪ್ಪಣೆ ಕೊಡಿಸಿ, ಇರುವ ಕೊರತೆ ಯಾವುದೆಂಬುದನ್ನು ಮಾತ್ರ ಬಾಯಿಬಿಡದೆ ಅಂತರ್ಧಾನರಾಗುವ ಮಹನೀಯರೊಬ್ಬರಿದ್ದಾರೆ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರಿನ ಮಹಾದ್ವಾರದಲ್ಲಿ 2005ರ ಆವೃತ್ತಿಯಿಂದೀಚೆಗೆ ಆಸೀನರಾಗಿರುವ ಪಾಸ್‌ವರ್ಡ್ ನೀತಿಯವರೇ ಅವರು. ಸಂದರ್ಶನವನ್ನು ಬೇಡಿ ಬರೆದ ವಿನಯಪೂರ್ವಕವಾದ ಪತ್ರವನ್ನು ಅವರು ಕಾರಣ ಹೇಳದೆ ಹಿಂದಿರುಗಿಸಿದರು. ಒಕ್ಕಣೆಯ ಕೊನೆಗೆ ಒಂದು ಅಂಕಿಯನ್ನೂ ಒಂದು ಆಶ್ಚರ್ಯಚಿಹ್ನೆಯನ್ನೂ ಸೇರಿಸಿ ಕಳುಹಿಸಿದ ಮೇಲೆ ತತ್‌ಕ್ಷಣವೇ ಅನುಮತಿ ದೊರೆಯಿತು.

ನಾನು: ತಮ್ಮ ನೇಮಕಕ್ಕೆ ಕಾರಣವೇನಿತ್ತು?

ನೀತಿ: ಸ್ವಾಮಿ, ನಾನು ಬರುವುದಕ್ಕೆ ಮೊದಲಿನ ಅರಾಜಕತೆಯನ್ನು ತಾವು ಕಂಡಿದ್ದರೆ ಈ ಪ್ರಶ್ನೆಯನ್ನು ಕೇಳುತ್ತಿರಲಿಲ್ಲ. ‘ಎಸ್ಎ’ ಎಂಬ ಸರ್ವಾಧಿಕಾರಿ ಲಾಗಿನ್ ಒಂದಿದೆಯಷ್ಟೆ. ಅದಕ್ಕೆ ಪಾಸ್‌ವರ್ಡ್ ಎಂಬುದನ್ನೇ ಕೊಡದೆ, ಖಾಲಿ ಬಿಟ್ಟು, ಅಂತರ್ಜಾಲದ ಬೀದಿಗೆ ಮುಖಮಾಡಿ ಕುಳಿತಿದ್ದ ಸರ್ವರುಗಳು ಎಷ್ಟೋ. 2002ರ ಮೇ ತಿಂಗಳಲ್ಲಿ ಸ್ಪೈಡಾ ಎಂಬ ಹುಳು 1433ನೆಯ ಪೋರ್ಟನ್ನು ತಟ್ಟುತ್ತ ಸಂಚರಿಸಿ, ಖಾಲಿ ಪಾಸ್‌ವರ್ಡಿನ ಎಸ್ಎ ಸಿಕ್ಕಿದ ಕಡೆಯಲ್ಲೆಲ್ಲ ಒಳಹೊಕ್ಕಿತು. ಅದು ಬೀಗವನ್ನು ಮುರಿಯಿತೆಂದು ಯಾರೂ ದೂರುವಂತಿರಲಿಲ್ಲ. ಬೀಗವನ್ನು ಹಾಕಿದ್ದರಲ್ಲವೆ ಮುರಿಯುವ ಮಾತು!

ನಾನು: ಒಪ್ಪಿದೆ. ಆದರೆ ಪಾಸ್‌ವರ್ಡನ್ನು ತಿರಸ್ಕರಿಸುವಾಗ ಅದರಲ್ಲಿ ಏನಿಲ್ಲವೆಂದು ತಿಳಿಸಿದರೆ ತಮ್ಮ ಘನತೆಗೆ ಕುಂದುಂಟೆ?

ನೀತಿ: ಅದು ನನ್ನ ಅಧಿಕಾರವ್ಯಾಪ್ತಿಗೆ ಬರುವ ವಿಷಯವಲ್ಲ. ನಿಯಮಗಳನ್ನು ರಚಿಸುವವನು ನಾನಲ್ಲ. ಬಂದ ಪಾಸ್‌ವರ್ಡನ್ನು ವಿಂಡೋಸಿನ ಮುಂದಿಟ್ಟು, ಅದು ತಲೆಯಲ್ಲಾಡಿಸಿದುದನ್ನು ತಮಗೆ ಅರಿಕೆ ಮಾಡುವುದಷ್ಟೆ ನನ್ನ ಕರ್ತವ್ಯ. ವಿಂಡೋಸನ್ನು ವಿಚಾರಿಸಿದಿರೋ, ‘ಈ ಯಂತ್ರವು ಡೊಮೇನಿಗೆ ಸೇರಿದ್ದು, ನಾನು ಆಜ್ಞಾಧಾರಕ’ ಎನ್ನುತ್ತದೆ. ಲೋಕಲ್ ಸೆಕ್ಯುರಿಟಿ ಪಾಲಿಸಿಯ ಕಿಟಕಿಯನ್ನು ತೆರೆದು ನೋಡಿದರೆ ಅಲ್ಲಿಯ ಗುಂಡಿಗಳೆಲ್ಲ ಬೂದುಬಣ್ಣಕ್ಕೆ ತಿರುಗಿ, ಕಣ್ಣಿಗೆ ಕಂಡರೂ ಕೈಗೆ ದಕ್ಕದಂತೆ ಇರುತ್ತವೆ. ಡೊಮೇನಿನ ಅಧಿಕಾರಿಯನ್ನು ಕೇಳೋಣವೆಂದರೆ ಅವರು ಮೀಟಿಂಗಿನಲ್ಲಿರುತ್ತಾರೆ. ಅಲ್ಲದೆ, ನಾನು ಏನೂ ಹೇಳುವುದಿಲ್ಲವೆಂಬುದೂ ಸತ್ಯವಲ್ಲ. 15116 ಎಂದರೆ ಉದ್ದ ಸಾಲದು. 15118 ಎಂದರೆ ಸಂಕೀರ್ಣತೆ ಸಾಲದು. 15114 ಎಂದರೆ ಮೊನ್ನೆಮೊನ್ನೆ ಬದಲಿಸಿದ್ದನ್ನು ಇಷ್ಟು ಬೇಗ ಮತ್ತೆ ಬದಲಿಸಲಾಗದು. ಸಂಖ್ಯೆಯನ್ನು ಓದದೆಯೇ ಕಿಟಕಿಯನ್ನು ಮುಚ್ಚುವವರಿಗೆ ನಾನೇನು ಮಾಡಲಿ?

(ಈ ಮಾತಿನಲ್ಲಿ ನ್ಯಾಯವಿಲ್ಲದೆ ಇಲ್ಲ. ಸಂಕೀರ್ಣತೆ ಎಂಬ ಒಂದೇ ಶಬ್ದದ ಕೆಳಗೆ ಹಲವು ನಿಯಮಗಳನ್ನು ಬಚ್ಚಿಟ್ಟಿರುವುದು ಮಾತ್ರ ಯಾವ ನ್ಯಾಯವೋ ತಿಳಿಯದು.)

ನಾನು: ಆ ಸಂಕೀರ್ಣತೆಯ ಲಕ್ಷಣಗಳನ್ನಾದರೂ ಅಪ್ಪಣೆ ಕೊಡಿಸಬೇಕು.

ನೀತಿ: ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಂಬ ನಾಲ್ಕು ವರ್ಗಗಳನ್ನು ಎಲ್ಲರೂ ಬಲ್ಲರು. ವಿಂಡೋಸಿನ ನಿಯಮಾವಳಿಯಲ್ಲಿ ಐದನೆಯದೊಂದುಂಟು. ದೊಡ್ಡದು ಸಣ್ಣದೆಂಬ ಭೇದವೇ ಇಲ್ಲದ ಲಿಪಿಗಳ ಅಕ್ಷರಗಳು ಅದಕ್ಕೆ ಸೇರುತ್ತವೆ. ಈ ಐದರಲ್ಲಿ ಮೂರು ವರ್ಗಗಳು ಪಾಸ್‌ವರ್ಡಿನಲ್ಲಿ ಕಾಣಿಸಿಕೊಳ್ಳಬೇಕು. ಲಾಗಿನ್ನಿನ ಹೆಸರು ಅದರೊಳಗೆ ಸೇರಿರಬಾರದು. ದೊಡ್ಡಕ್ಷರ ಸಣ್ಣಕ್ಷರಗಳ ವೇಷವನ್ನು ಬದಲಿಸಿ ತಂದರೂ ನಾನು ಗುರುತು ಹಿಡಿಯುತ್ತೇನೆ. ರವಿ ಎಂಬ ಲಾಗಿನ್ನಿಗೆ ರವಿಯ ಹೆಸರನ್ನೇ ಬರೆದು, ಮುಂದೆ ಅಟ್ ಚಿಹ್ನೆಯನ್ನೂ ಇಸವಿಯನ್ನೂ ಅಂಟಿಸಿ, ‘ಎಲ್ಲ ವರ್ಗವೂ ಇದೆಯಲ್ಲ, ಏಕೆ ಒಲ್ಲೆ?’ ಎಂದು ಮೇಜು ಗುದ್ದುವವರೇ ಹೆಚ್ಚು.

ನಾನು: ಹಾಗಾದರೆ ಕನ್ನಡದ ಅಕ್ಷರಗಳಿಗೂ ತಮ್ಮಲ್ಲಿ ಮನ್ನಣೆಯುಂಟು!

ನೀತಿ: ನಿಯಮದಲ್ಲಿ ಉಂಟು. ಬಳಸಿದವರನ್ನು ಕಂಡ ನೆನಪು ಬಾರದು.

ನಾನು: ಇನ್ನೊಂದು ಸಂದೇಹ. ಪಾಸ್‌ವರ್ಡ್ ಎಂಬ ಪದವನ್ನೇ ಆಂಗ್ಲದಲ್ಲಿ ಬರೆದು, ಮೊದಲಿನದನ್ನು ದೊಡ್ಡಕ್ಷರವಾಗಿಸಿ, ‘ಎ’ ಇದ್ದಲ್ಲಿ ಅಟ್ ಚಿಹ್ನೆಯನ್ನೂ ‘ಓ’ ಇದ್ದಲ್ಲಿ ಸೊನ್ನೆಯನ್ನೂ ಇಟ್ಟರೆ?

ನೀತಿ: (ಪ್ರಸನ್ನರಾಗಿ) ಎಂಟು ಸ್ಥಾನ, ನಾಲ್ಕು ವರ್ಗ. ಸರ್ವಲಕ್ಷಣಸಂಪನ್ನ. ದಯಮಾಡಿಸಬಹುದು.

ನಾನು: ಜಗತ್ತಿನ ಕಳ್ಳರೆಲ್ಲ ಮೊದಲು ಪರೀಕ್ಷಿಸುವುದೇ ಅದನ್ನಲ್ಲವೆ? ಅದನ್ನು ಬರಮಾಡಿಕೊಳ್ಳುವ ತಾವು, ಒಂದಕ್ಕೊಂದು ಸಂಬಂಧವಿಲ್ಲದ ಐದು ಪದಗಳನ್ನು ಸಣ್ಣಕ್ಷರಗಳಲ್ಲೇ ಜೋಡಿಸಿದ, ಮೂವತ್ತು ಅಕ್ಷರಗಳ ದೀರ್ಘ ಪಾಸ್‌ವರ್ಡನ್ನು ಹೊಸ್ತಿಲಿನಿಂದಲೇ ಅಟ್ಟುತ್ತೀರಿ.

ನೀತಿ: ಅದರಲ್ಲಿರುವುದು ಒಂದೇ ವರ್ಗ. ಜಾತಕ ಕೂಡಿತೋ ಇಲ್ಲವೋ ಎಂಬುದನ್ನು ನೋಡುವವನು ನಾನು. ವರನ ನಡತೆಯನ್ನು ವಿಚಾರಿಸುವುದು ಹೆಣ್ಣಿನ ಕಡೆಯವರ ಹೊಣೆ.

ನಾನು: ಇಂಥ ನಿಯಮಗಳನ್ನು ಲೋಕಕ್ಕೆ ಹರಡಿದ 2004ರ ಮಾರ್ಗದರ್ಶಿಯನ್ನು ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್‌ನಲ್ಲಿದ್ದುಕೊಂಡು ಬರೆದ ಬಿಲ್ ಬರ್ ಅವರೇ 2017ರಲ್ಲಿ ಅದರ ಬಗ್ಗೆ ವಿಷಾದಿಸಿದರು, ಅದೇ ವರ್ಷ ಆ ಸಂಸ್ಥೆಯೂ ಅಕ್ಷರವರ್ಗಗಳ ಕಡ್ಡಾಯ ಬೇಡ, ಕಾಲಕಾಲಕ್ಕೆ ಬದಲಿಸುವ ಬಲವಂತವೂ ಬೇಡವೆಂದಿತು. 2019ರಲ್ಲಿ ತಮ್ಮ ಮೈಕ್ರೋಸಾಫ್ಟೇ ವಿಂಡೋಸಿನ ಭದ್ರತಾ ಶಿಫಾರಸಿನಿಂದ ಪಾಸ್‌ವರ್ಡಿನ ಅವಧಿ ಮುಗಿಸುವ ನಿಯಮವನ್ನು ಕೈಬಿಟ್ಟಿತು.

ನೀತಿ: (ದೀರ್ಘಮೌನದ ತರುವಾಯ) ಆ ಸುತ್ತೋಲೆ ಇನ್ನೂ ನನ್ನ ಮೇಜಿಗೆ ಬಂದಿಲ್ಲ. ಡೊಮೇನಿನ ಮೂಲನಿಯಮದಲ್ಲಿ 42 ದಿನಕ್ಕೊಮ್ಮೆ ಬದಲಾವಣೆ, ಹಿಂದಿನ 24ರ ಪುನರುಪಯೋಗ ನಿಷಿದ್ಧ, ಕನಿಷ್ಠ 7 ಅಕ್ಷರ ಎಂದೇ ಇದೆ.

ನಾನು: ಬೇಸತ್ತ ನಿರ್ವಾಹಕರು ಕಡೆಗೆ ತಮ್ಮನ್ನೇ ವಜಾ ಮಾಡುವರೆಂದು ಕೇಳಿದ್ದೇನೆ.

ನೀತಿ: ಅದೊಂದೇ ನನ್ನ ಮನೋವ್ಯಥೆ. ಲಾಗಿನ್ ತೆರೆಯುವ ಕಿಟಕಿಯಲ್ಲಿ ಮೂರು ಚೌಕಗಳುಂಟು: ನೀತಿಯನ್ನು ಜಾರಿಗೊಳಿಸು, ಅವಧಿಯನ್ನು ಜಾರಿಗೊಳಿಸು, ಮೊದಲ ಪ್ರವೇಶದಲ್ಲೇ ಬದಲಿಸತಕ್ಕದ್ದು. ಮೂರನೆಯದು ಎರಡನೆಯದನ್ನೂ, ಎರಡನೆಯದು ಮೊದಲನೆಯದನ್ನೂ ಆಶ್ರಯಿಸಿ ನಿಂತಿವೆ. ಮೊದಲ ಚೌಕದ ಗುರುತನ್ನು ಅಳಿಸಿದರಾಯಿತು, ಉಳಿದೆರಡೂ ಬಿದ್ದವು; 15118 ಮಾಯ, ಕೆಲಸ ಸುಗಮ, ನಿರ್ವಾಹಕನು ಚಹಾಕ್ಕೆ ಹೊರಟ. ಆಮೇಲೆ ಆ ಲಾಗಿನ್ನಿಗೆ ಒಂದರಿಂದ ಆರರವರೆಗಿನ ಅಂಕಿಗಳನ್ನು ಪಾಸ್‌ವರ್ಡಾಗಿ ಕೊಟ್ಟರೂ ಕೇಳುವವರಿಲ್ಲ. ತಪ್ಪು ಪಾಸ್‌ವರ್ಡನ್ನು ಹಗಲಿರುಳು ಪ್ರಯೋಗಿಸಿದರೂ ಆ ಲಾಗಿನ್ನಿಗೆ ಬೀಗ ಬೀಳುವುದಿಲ್ಲ, ಏಕೆಂದರೆ ಆ ಬೀಗದ ಕೈಯೂ ನನ್ನ ಸೊಂಟದಲ್ಲೇ ಇದ್ದದ್ದು. ತಾತ್ಕಾಲಿಕವೆಂದು ಅಳಿಸಿದ ಗುರುತನ್ನು ಮರಳಿ ಹಾಕಿದ ಪುಣ್ಯಾತ್ಮರು ವಿರಳ.

ಇಷ್ಟರಲ್ಲಿ ಹೊರಗೆ ಯಾರೋ ಓಕೆ ಗುಂಡಿಯನ್ನು ಒತ್ತಿದ ಸದ್ದಾಗಿ, ನೀತಿಯವರು ಅಂಗವಸ್ತ್ರವನ್ನು ಸರಿಪಡಿಸಿಕೊಂಡು ಎದ್ದುಹೋದರು.

ಇವರು ಅಲ್ಪಮತಿಗಳೆಂಬುದರಲ್ಲಿ ನನಗೆ ಸಂಶಯ ಉಳಿದಿಲ್ಲ. ಇವರನ್ನು ಹೊರಗಟ್ಟಿದ ಬಾಗಿಲು ಇನ್ನೂ ಕೇಡು ಎಂಬುದರಲ್ಲಿಯೂ ಇಲ್ಲ. ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: 15118 ಕಾಣಿಸಿಕೊಂಡಾಗ ಮೊದಲ ಚೌಕಕ್ಕೆ ಕೈಹಾಕಬೇಡಿ. ಲಾಗಿನ್ನಿನ ಹೆಸರು ಪಾಸ್‌ವರ್ಡಿನೊಳಗೆ ನುಸುಳಿದೆಯೇ ಎಂದು ನೋಡಿ. ನಾಲ್ಕೈದು ಪದಗಳ ಉದ್ದದ ಪಾಸ್‌ವರ್ಡನ್ನು ಕಟ್ಟಿ, ನೀತಿಯವರ ಸಮಾಧಾನಕ್ಕೆ ನಡುವೆ ಒಂದು ದೊಡ್ಡಕ್ಷರವನ್ನೂ ಒಂದು ಅಂಕಿಯನ್ನೂ ಸೇರಿಸಿ. ಎಸ್‌ಕ್ಯೂಎಲ್ ಸರ್ವರ್ 128 ಅಕ್ಷರಗಳವರೆಗೆ ಸ್ಥಳ ಕೊಟ್ಟಿದೆ.