ನೀವು ಶೇಕಡಾ ಎಷ್ಟು, ಮಾರಾಯ್ರೆ?

ದಕ್ಷಿಣ ಕನ್ನಡದ ನಮ್ಮ ಆಲಂಕಾರು ಕಡೆ ಹೊಸಬರು ಸಿಕ್ಕಿದರೆ ಊರು ಯಾವುದು, ಯಾವ ಮನೆ, ಯಾರ ಮಗ ಎಂದು ಮೂರು ತಲೆಮಾರು ವಿಚಾರಿಸಿಯೇ ಬಿಡುವುದು. ಇದಕ್ಕೆ ವಿನಾಯಿತಿ ಇರುವುದು ಒಂದೇ ವರ್ಗಕ್ಕೆ. ಉಪ್ಪಿನಂಗಡಿ ಬಸ್ಸಿನಿಂದ ಕೊಯಿಲದ ಪಾಲನಾ ಕೇಂದ್ರಕ್ಕೆಂದು ತಾಯಿ ಮಗನ ಕೈಹಿಡಿದು ಇಳಿದರೆ, ಹಿಂದಿನ ಸೀಟಿನವರು "ಎಂಡೋ, ಪಾಪ" ಎಂದು ಎರಡೇ ಪದದಲ್ಲಿ ಜಾತಕ ಮುಗಿಸುತ್ತಾರೆ. ಹುಡುಗನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೀತು ಎಂಬ ಸಂಶಯ ಯಾರಿಗೂ ಬರುವುದಿಲ್ಲ.

ಈ ಬಿರುದು ಆಕಾಶದಿಂದ ಇಳಿದದ್ದು. 1980ರ ದಶಕದಿಂದ ವರ್ಷಗಟ್ಟಲೆ ಸರಕಾರದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ಸಾಯಬೇಕಾದದ್ದು ಟೀ ಸೊಳ್ಳೆ ಎಂಬ ಗೇರಿನ ಕೀಟ. ಬಾವಿ, ತೋಡು, ಅಂಗಳದ ಮಕ್ಕಳು ಲೆಕ್ಕದಲ್ಲಿರಲಿಲ್ಲ. ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳನ್ನು ಕಂಡು ಸಂಶಯಪಟ್ಟರು, ಪತ್ರಕರ್ತ ಶ್ರೀಪಡ್ರೆ ಬರೆದರು. 2011ರಲ್ಲಿ ಮೊದಲು ಕರ್ನಾಟಕ, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿತು. ವಿಷ ನಿಂತಿತು, ಅಳತೆ ಶುರುವಾಯಿತು.

ಅಂಗವೈಕಲ್ಯ ಶೇಕಡಾ 25ರಿಂದ 60ರವರೆಗಿದ್ದರೆ ಒಂದು ಮಾಸಾಶನ, 60 ದಾಟಿದರೆ ಅದರ ಇಮ್ಮಡಿ. ಸರಕಾರದ ಕರುಣೆ ಎಷ್ಟು ಕರಾರುವಾಕ್ಕು ನೋಡಿ! ಶೇಕಡಾ 58ರ ಮಗನ ತಾಯಿ ದೇವರಲ್ಲಿ ಏನು ಬೇಡಬೇಕು? ವಾಸಿಯಾಗಲಿ ಎಂದೋ, ಇನ್ನು ನಾಲ್ಕು ಅಂಕ ಸಿಗಲಿ ಎಂದೋ? ಶೇಕಡಾ ಅಳೆಯುವ ಶಿಬಿರದ ಮೇಜಿನೆದುರು ಆಕೆ "ಇವನಿಗೆ ಎಂತದೂ ಆಗುವುದಿಲ್ಲ ಡಾಕ್ಟ್ರೇ" ಎನ್ನಬೇಕು, ಅದೂ ಅವನ ಎದುರೇ. ಬಸ್ಸಿನ ಹಾರನ್ನು ಕೇಳಿಯೇ ಯಾವ ಬಸ್ಸೆಂದು ಹೇಳುವ ಹುಡುಗನಾದರೂ ಅದನ್ನು ಅಲ್ಲಿ ಬಾಯಿಬಿಡುವಂತಿಲ್ಲ, ಅಂಕ ಕಡಿತವಾದರೆ? ಏನು ಆಗುವುದಿಲ್ಲ ಎನ್ನುವುದಕ್ಕೆ ಅರ್ಜಿಯಲ್ಲಿ ಪುಟಗಟ್ಟಲೆ ಜಾಗ. ಏನು ಬರುತ್ತದೆ ಎನ್ನುವುದಕ್ಕೆ ಒಂದು ಗೆರೆಯೂ ಇಲ್ಲ.

ಇನ್ನು ನಮ್ಮ ಸಂಗತಿ. ಬ್ರಹ್ಮಕಲಶದ ಊಟದ ಪಂಕ್ತಿಯಲ್ಲಿ "ನನಗೆ ಶುಗರ್" ಎಂದು ಎದೆಯುಬ್ಬಿಸಿ ಸಾರಿ, ಎರಡನೇ ಹೋಳಿಗೆಗೆ ಎಲೆ ಒಡ್ಡುವವರು ನಾವು. ಉಳ್ಳವರ ಕಾಯಿಲೆ ಪಂಕ್ತಿಯ ಹರಟೆಗೆ ವಸ್ತು. ಇಲ್ಲದವರದ್ದು ಮನೆತನಕ್ಕೇ ಅಂಟಿದ ಹೆಸರು. ಶುಗರಿನ ಧಣಿಗಳ ಮಗಳಿಗೆ ಸಂಬಂಧ ಬರುತ್ತದೆ. ಎಂಡೋ ಮನೆಯ ಅಕ್ಕನಿಗೆ ಸಂಬಂಧ ತಂದ ದಲ್ಲಾಳಿ ಕಾಫಿ ಆರುವ ಮೊದಲೇ ಎದ್ದು ಹೋಗುತ್ತಾನೆ.

ಎಲ್ಲರೂ ಒಂದೇ ಹೆಸರಿನಿಂದ ಕರೆದರೆ, ಕರೆಸಿಕೊಂಡವನೂ ಅದಕ್ಕೇ ಓಗೊಡತೊಡಗುತ್ತಾನೆ. ನಿಜವಾದ ನಷ್ಟ ಅದು, ಅದಕ್ಕೆ ಮಾಸಾಶನವಿಲ್ಲ. ಹಾಗೆಂದು ಶೇಕಡಾ ಬರೆದ ಸರ್ಟಿಫಿಕೇಟನ್ನು ಹರಿಯಬೇಕಾಗಿಲ್ಲ. ಅದು ಹಕ್ಕು, ಲ್ಯಾಮಿನೇಷನ್ ಮಾಡಿ ಪಡಿತರ ಚೀಟಿಯ ಜತೆ ಇಡಿ. ಪಡಿತರ ಚೀಟಿಯ ನಂಬರು ಹೇಳಿ ಯಾರೂ ತಮ್ಮ ಪರಿಚಯ ಮಾಡಿಕೊಳ್ಳುವುದಿಲ್ಲವಷ್ಟೆ? ಶೇಕಡಾವೂ ಅಲ್ಲೇ ಇರಲಿ. ಕನ್ನಡಿ ನೋಡುವಾಗ ಅದು ಬೇಡ.

ಅಷ್ಟಕ್ಕೂ ಈ ಅಳತೆಗೋಲು ಒಂದೇ ದಿಕ್ಕಿಗೆ ಯಾಕೆ ತಿರುಗುತ್ತದೋ! ಮದ್ದು ತರಿಸಿದವರು, ಸಹಿ ಹಾಕಿದವರು, ಏನೂ ಆಗುವುದಿಲ್ಲ ಎಂದು ವರದಿ ಬರೆದವರು, ಎಲ್ಲರೂ ಪೂರ್ಣ ಆರೋಗ್ಯವಂತರಾಗಿ ನಿವೃತ್ತರಾದರು. ಅವರನ್ನೂ ಒಮ್ಮೆ ಶಿಬಿರಕ್ಕೆ ಕರೆದು ಮೇಜಿನೆದುರು ನಿಲ್ಲಿಸಿ ಕೇಳಬಹುದಿತ್ತು: ನಿಮ್ಮ ಹೊಣೆ ಶೇಕಡಾ ಎಷ್ಟು, ಸ್ವಾಮಿ?