ಎರಡು ಕಿಲೋ ಜಾಗ

ಅಕ್ಕ, ಒಂದು ಮಾತು ಹೇಳ್ತೇನೆ, ಬೇಸರ ಮಾಡ್ಬೇಡಿ. ಊರಿಗೆ ಹೊರಡಲಿಕ್ಕೆ ಇನ್ನೂ ಹದಿನೈದು ದಿವಸ ಉಂಟು. ನಿಮ್ಮ ಹಾಲ್‌ನಲ್ಲಿ ಆಗಲೇ ಎರಡು ದೊಡ್ಡ ಸೂಟ್‌ಕೇಸ್ ಬಾಯಿ ತೆರೆದು ಕೂತಿವೆ, ನಮ್ಮ ಬಾಲ್ಕನಿಗೇ ಕಾಣ್ತದೆ. ಒಂದರ ತುಂಬ ಬರೀ ಬಟ್ಟೆ. ಎರಡು ತಿಂಗಳು ಇರ್ತೀರಿ ಸರಿ, ಅದಕ್ಕೆ ಎರಡು ತಿಂಗಳ ಬಟ್ಟೆ ಯಾಕೆ? ಉಡುಪಿಯ ಮನೆಯಲ್ಲಿ ಬಾವಿ ಉಂಟು, ಒಗೆಯುವ ಕಲ್ಲು ಉಂಟು, ಈಗ ವಾಷಿಂಗ್ ಮಶೀನೂ ಬಂದಿದೆ ಅಂತ ನೀವೇ ಹೇಳಿದ್ರಿ. ಒಂದು ವಾರಕ್ಕೆ ಸಾಕಾಗುವ ಬಟ್ಟೆ ಎರಡು ತಿಂಗಳಿಗೂ ಸಾಕು. ದಿನ ಹೆಚ್ಚಾದರೆ ಒಗೆಯುವುದು ಹೆಚ್ಚಾಗ್ತದೆ, ಉಡುವುದು ಹೆಚ್ಚಾಗುವುದಿಲ್ಲ.

ಅದೂ ನೀವು ಹೋಗುವುದು ಜೂನಿನಲ್ಲಿ, ಇಲ್ಲಿ ಶಾಲೆಗೆ ರಜೆ ಕೊಟ್ಟ ಮೇಲೆ. ಈ ಮಸ್ಕತ್ತಿನಲ್ಲಿ ವರ್ಷವಿಡೀ ಬೀಳುವ ಮಳೆ ಲೆಕ್ಕ ಹಾಕಿದರೆ ಸುಮಾರು 100 ಮಿಲಿಮೀಟರ್. ನಮ್ಮ ಮಂಗಳೂರು, ಉಡುಪಿಯಲ್ಲಿ 3,500ಕ್ಕೂ ಮೇಲೆ, ಅದರಲ್ಲೂ ಹೆಚ್ಚಿನದು ಜೂನ್‌ನಿಂದ ಆಗಸ್ಟ್‌ವರೆಗೇ. ಇಲ್ಲಿ ಹಗ್ಗಕ್ಕೆ ಹಾಕಿದ ಜೀನ್ಸು ಒಂದು ಗಂಟೆಯಲ್ಲಿ ಗರಿಗರಿ ಆಗ್ತದೆ. ಅಲ್ಲಿ ಅದೇ ಜೀನ್ಸು ನಾಲ್ಕು ದಿನ ಹಗ್ಗದ ಮೇಲೆ ತೂಗಿ, ವಾಸನೆ ಬಂದು, ಮತ್ತೆ ಒಗೆಯಲಿಕ್ಕೇ ಹೋಗ್ತದೆ. ಮಕ್ಕಳ ಜೀನ್ಸೆಲ್ಲ ಇಲ್ಲೇ ಬಿಡಿ ಅಕ್ಕ. ತೆಳು ಹತ್ತಿ, ಬೇಗ ಒಣಗುವ ಟೀ ಶರ್ಟು, ಒಂದೊಂದು ರಬ್ಬರ್ ಚಪ್ಪಲಿ ಸಾಕು. ಚರ್ಮದ ಶೂ ತಗೊಂಡು ಹೋದ್ರೆ ಎಂಟು ದಿವಸದೊಳಗೆ ಬೂಷ್ಟು ಹಿಡೀತದೆ. ಕೊಡೆ ಅಂತೂ ಮನೆಯ ಮೂಲೆಯಲ್ಲಿ ಬೇಕಾದಷ್ಟು ಇರ್ತದೆ.

ಮತ್ತೆ ಆ ನಾಲ್ಕು ಪಟ್ಟೆ ಸೀರೆ. ಆಟಿ ತಿಂಗಳಲ್ಲಿ ನಮ್ಮಲ್ಲಿ ಮದುವೆ ಎಲ್ಲಿ ನಡೀತದೆ? ನೀವು ಅಲ್ಲಿರುವ ಅರ್ಧ ದಿವಸ ಆಟಿಯೇ. ಅದಕ್ಕೆ ಮುಂಚೆ ಎಲ್ಲಿಯಾದರೂ ಕರೆದರೆ ಒಂದು ಸೀರೆ ಇರಲಿ. ಹೆಚ್ಚು ಬೇಕಾದ್ರೆ ಅಮ್ಮನ ಕಪಾಟು ಉಂಟಲ್ಲ, ಮಗಳು ತನ್ನ ಸೀರೆ ಉಟ್ಟರೆ ಯಾವ ತಾಯಿಗೆ ಸಂತೋಷ ಆಗುವುದಿಲ್ಲ?

ಖಾಲಿ ಸೂಟ್‌ಕೇಸನ್ನು ಒಮ್ಮೆ ತೂಕ ಮಾಡಿ ನೋಡಿದ್ದೀರಾ? ಆ ಹಳೇ ಗಟ್ಟಿ ಪೆಟ್ಟಿಗೆ ಒಂದೊಂದೂ ನಾಲ್ಕೈದು ಕಿಲೋ ತೂಗ್ತದೆ. ಟಿಕೆಟಿನಲ್ಲಿ ಕೊಟ್ಟ ತೂಕದಲ್ಲಿ ಅಷ್ಟು ಪೆಟ್ಟಿಗೆಯೇ ತಿಂದು ಹಾಕ್ತದೆ. ಬಟ್ಟೆಯ ಬ್ಯಾಗು ಅದರ ಅರ್ಧ ತೂಕಕ್ಕೆ ಸಿಗ್ತದೆ, ಇಲ್ಲೇ ಕೆಳಗೆ ಹಮ್ರಿಯಾದ ಅಂಗಡಿಯಲ್ಲಿ ನೋಡಿ. ಒಂದು ಬ್ಯಾಗಿಗೆ 32 ಕಿಲೋ ಮೀರಬಾರದು ಅಂತ ವಿಮಾನದವರು ಹೇಳುವುದು ಸುಮ್ಮನೆ ಅಲ್ಲ ಅಕ್ಕ. ಅದನ್ನು ಎತ್ತಿ ಹಾಕುವವನೂ ನಮ್ಮ ಹಾಗೆ ಊರು ಬಿಟ್ಟು ಬಂದ ಒಬ್ಬ ಕೆಲಸಗಾರ, ಅವನ ಬೆನ್ನೂ ಉಳಿಯಬೇಕು. ಕೊಕ್ಕೆಯ ತಕ್ಕಡಿ ನಮ್ಮ ಮನೆಯಲ್ಲಿ ಉಂಟು, ಕಳಿಸಿಕೊಡ್ತೇನೆ.

ಕೈಚೀಲದ ಏಳು ಕಿಲೋ ಮಾತ್ರ ಜಾಣತನದಲ್ಲಿ ಬಳಸಬೇಕು. ಎಲ್ಲರ ಪಾಸ್‌ಪೋರ್ಟು, ರೆಸಿಡೆಂಟ್ ಕಾರ್ಡು, ಬಾವನ ಮಾತ್ರೆ ಮತ್ತು ಡಾಕ್ಟರರ ಚೀಟಿ, ಮಕ್ಕಳಿಗೆ ಒಂದೊಂದು ಜೊತೆ ಬಟ್ಟೆ. ಪವರ್ ಬ್ಯಾಂಕ್ ಅಂತೂ ಕೈಚೀಲದಲ್ಲೇ ಹೋಗಬೇಕು, ಕೆಳಗಿನ ಲಗೇಜಿಗೆ ಹಾಕಿದರೆ ತೆಗೆಸ್ತಾರೆ. ಕಾಗದಪತ್ರ ಎಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಇರಲಿ. 2007ರ ಜೂನಿನಲ್ಲಿ ಗೋನು ಚಂಡಮಾರುತ ಬಂದಾಗ ಈ ಊರಿನ ವಾದಿ ಅನ್ನುವ ಒಣ ಹಳ್ಳಗಳೆಲ್ಲ ಉಕ್ಕಿ ರಸ್ತೆ, ಅಂಗಡಿ, ಕೆಳಮಹಡಿ ಮುಳುಗಿದ್ದು ನಿಮಗೆ ಗೊತ್ತುಂಟು. ಎದ್ದು ಓಡುವಾಗ ಕೈಗೆ ಸಿಗಬೇಕಾದದ್ದು ಯಾವುದು ಅಂತ ಅವತ್ತು ಎಲ್ಲರಿಗೂ ತಿಳಿಯಿತು. ಅದರ ಪಟ್ಟಿ ಬಹಳ ಸಣ್ಣದು.

ನಮ್ಮ ಹಿರಿಯರು ಬಂದದ್ದು ಹೇಗೆ ಹೇಳಿ? ಊರಿನಿಂದ ಬಸ್ಸಿನಲ್ಲಿ ಬೊಂಬಾಯಿ. ಆಗ ಕೊಂಕಣ ರೈಲೂ ಇರಲಿಲ್ಲ, ಅದು ಪೂರ್ತಿ ಆದದ್ದು 1998ರಲ್ಲಿ. ಬೊಂಬಾಯಿಯಿಂದ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗು. ದ್ವಾರಕಾ, ದುಮ್ರಾ ಅಂತ ಹೆಸರು. ಕರಾಚಿ ಮುಟ್ಟಿ, ಮಸ್ಕತ್ತಿಗೆ ಬಂದು, ಮುಂದೆ ದುಬೈ, ಕುವೈತ್ ಕಡೆಗೆ ಹೋಗ್ತಿತ್ತು. ಬಡವರಿಗೆ ಸಿಗುವುದು ಡೆಕ್ಕಿನ ಟಿಕೆಟು, ಬಯಲಲ್ಲೇ ಚಾಪೆ ಬಿಚ್ಚಿ ಮಲಗಬೇಕು. 1974ರಲ್ಲಿ ಮತ್ರಾದ ಬಂದರು ಆಗುವವರೆಗೆ ಹಡಗು ದಡಕ್ಕೇ ಬರ್ತಿರಲಿಲ್ಲ. ನೀರಿನಲ್ಲೇ ನಿಲ್ತಿತ್ತು, ಅಲ್ಲಿಂದ ದೋಣಿಗೆ ಇಳಿಯಬೇಕು. ಒಂದು ಟ್ರಂಕು, ಒಂದು ಹಾಸಿಗೆಯ ಸುತ್ತು, ಅಷ್ಟೇ. ತಾನೇ ಹೊತ್ತು ಇಳಿಯಲಿಕ್ಕೆ ಆಗದ್ದನ್ನು ಅವರು ಯಾರೂ ತರ್ತಿರಲಿಲ್ಲ. ದ್ವಾರಕಾ ಕೊನೆಯ ಸಲ ಓಡಿದ್ದು 1982ರಲ್ಲಿ. ಇನ್ನು ವಿಮಾನ ಮೊದಲು ಇಳೀತಿದ್ದದ್ದು ಇಲ್ಲೇ ರೂವಿಯ ಬೈತ್ ಅಲ್ ಫಲಜ್ ಕೋಟೆಯ ಹತ್ತಿರ. 1973ರಲ್ಲಿ ವಿಮಾನ ನಿಲ್ದಾಣ ಸೀಬಿಗೆ ಹೋಯಿತು. ನಾವು ದಿನಾ ತರಕಾರಿಗೆ ಓಡಾಡುವ ಬದಿಯಲ್ಲೇ ಒಂದು ಕಾಲಕ್ಕೆ ವಿಮಾನ ಇಳೀತಿತ್ತು ಅಂದ್ರೆ ನನಗೆ ಈಗಲೂ ಆಶ್ಚರ್ಯ.

ಆಮೇಲೆ ಬಂತು ನೋಡಿ ಪೆಟ್ಟಿಗೆಯ ಕಾಲ. ದೊಡ್ಡ ಕಾರ್ಟನ್ನು, ಅದಕ್ಕೆ ಕಂದು ಟೇಪು, ಮೇಲೆ ನೈಲಾನ್ ಹಗ್ಗ, ನಾಲ್ಕೂ ಬದಿಗೆ ಮಾರ್ಕರಿನಲ್ಲಿ ಹೆಸರು, ಊರು. ಒಳಗೆ ಟೇಪ್ ರೆಕಾರ್ಡರು, ಟ್ಯಾಂಗು, ನಿಡೋ ಹಾಲಿನ ಪುಡಿ, ಕೊಡಲಿ ಮಾರ್ಕಿನ ಎಣ್ಣೆ, ಟೈಗರ್ ಬಾಮು, ಸೆಂಟು, ನವಿಲಿನ ಚಿತ್ರದ ಕಂಬಳಿ. ಆಗ ಅದಕ್ಕೆ ಅರ್ಥ ಇತ್ತು, ಊರಿನಲ್ಲಿ ಅದು ಯಾವುದೂ ಸಿಗ್ತಿರಲಿಲ್ಲ. 2006ರಲ್ಲಿ ಮಂಗಳೂರಿನ ಬಜ್ಪೆಯಿಂದ ನೇರ ಗಲ್ಫ್ ವಿಮಾನ ಶುರುವಾಗುವವರೆಗೆ ಮುಂಬೈಯಲ್ಲೋ ಕೋಝಿಕ್ಕೋಡಿನಲ್ಲೋ ಇಳಿದು, ಆ ಪೆಟ್ಟಿಗೆಯನ್ನು ಬಸ್ಸಿನ ತಲೆಗೆ ಏರಿಸಿ ರಾತ್ರಿಯಿಡೀ ಕೂರ್ತಿದ್ರು. ಇವತ್ತು ಮಂಗಳೂರಿನ ಹಂಪನಕಟ್ಟೆಯಲ್ಲಿ ಸಿಗದ ಯಾವ ವಸ್ತು ಇಲ್ಲಿ ಉಂಟು? ಟಿ.ವಿ. ತಗೊಂಡು ಹೋಗ್ತೇನೆ ಅಂತ ಬಾವ ಹೇಳಿದ್ರಂತೆ. ಬೇಡ ಅಂತ ಹೇಳಿ. 2013ರ ಆಗಸ್ಟಿನಿಂದ ಆ ಟಿ.ವಿ.ಗೆ ವಿನಾಯಿತಿಯೇ ಇಲ್ಲ, ಸುಂಕ ಕಟ್ಟಿದ ಮೇಲೆ ಉಡುಪಿಯಲ್ಲೇ ತಗೊಳ್ಳುವುದು ಮೇಲು. ಇಲ್ಲಿಯದೇ ಅಂತ ಇರುವುದು ಖರ್ಜೂರ, ಒಮಾನಿ ಹಲ್ವ, ದೋಫಾರಿನ ಧೂಪ. ಅಷ್ಟು ತಗೊಳ್ಳಿ. ಕಂಬಳಿ ಕೊಡಲೇಬೇಕು ಅಂತಿದ್ರೆ ಮೊದಲೇ ಕಾರ್ಗೋದವರ ಹತ್ತಿರ ಕೊಟ್ಟುಬಿಡಿ, ಹಡಗಿನಲ್ಲಿ ನಿಧಾನಕ್ಕೆ ಬರಲಿ. ಮಳೆ ಮುಗಿದ ಮೇಲೆ ತಾನೇ ಚಳಿ?

ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಇದ್ದಾನಲ್ಲ, ಅವನು ಒಂದೇ ಬೆನ್ನಿನ ಚೀಲದಲ್ಲಿ ದೇಶ ದೇಶ ಸುತ್ತಿ ಬರ್ತಾನೆ. ಮೂರು ಅಂಗಿ, ಎರಡು ಪ್ಯಾಂಟು, ರಾತ್ರಿ ಬಕೆಟಿನಲ್ಲಿ ಒಗೆದು ಬೆಳಿಗ್ಗೆ ಹಾಕುವುದು. ಅದು ಒಳ್ಳೆಯ ಅಭ್ಯಾಸ, ನಾನೂ ಅವನಿಂದಲೇ ಕಲಿತದ್ದು. ಆದರೆ ಅವನ ಚೀಲದಲ್ಲಿ ಇರುವುದು ಅವನದು ಮಾತ್ರ. ನಮ್ಮ ಪ್ರಯಾಣ ಹಾಗಲ್ಲ ಅಕ್ಕ. ಈ ಬೀದಿಯಿಂದ ಊರಿಗೆ ಹೋಗುವವರ ಚೀಲದಲ್ಲಿ ಯಾವತ್ತೂ ಬೇರೆ ನಾಲ್ಕು ಮನೆಯ ಪೊಟ್ಟಣ ಇರ್ತದೆ. ಇದು ನಿನ್ನೆ ಮೊನ್ನೆಯ ದಾರಿಯೂ ಅಲ್ಲ. ಇನ್ನೂರೈವತ್ತು ವರ್ಷದ ಹಿಂದೆಯೂ ಮಂಗಳೂರಿನ ಅಕ್ಕಿ ಹಾಯಿಹಡಗಿನಲ್ಲಿ ಬಂದು ಮಸ್ಕತ್ತಿನವರ ಹೊಟ್ಟೆ ತುಂಬಿಸ್ತಿತ್ತು. ಟಿಪ್ಪು ಸುಲ್ತಾನ ಇಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಆ ದಡದಿಂದ ಈ ದಡಕ್ಕೆ ಒಬ್ಬರಿಗಾಗಿ ಇನ್ನೊಬ್ಬರು ಸಾಮಾನು ಸಾಗಿಸುವುದು ನಮ್ಮ ಕರಾವಳಿಯವರ ಹಳೆಯ ಕಸುಬು. ಹಾಗಾಗಿ ನಾನು ಹಗುರ ಮಾಡಿ ಅಂತ ಹೇಳುವುದು ನಿಮ್ಮದನ್ನು. ನಿಮ್ಮದು ಕಡಿಮೆ ಆದರೆ ಕೇಳಿ ಬಂದವರಿಗೆ ಇಲ್ಲ ಅನ್ನಬೇಕಾಗುವುದಿಲ್ಲ.

ಆದರೆ ಒಂದು ವಿಷಯದಲ್ಲಿ ಕಲ್ಲು ಮನಸ್ಸು ಮಾಡಬೇಕು. ಯಾರದೇ ಪೊಟ್ಟಣ ಆಗಲಿ, ನಿಮ್ಮ ಎದುರೇ ಬಿಚ್ಚಿ, ಒಂದೊಂದು ವಸ್ತು ನೋಡಿ, ನೀವೇ ಮತ್ತೆ ಕಟ್ಟಬೇಕು. ಬರುವಾಗ ಊರಿನಿಂದ ಕೊಟ್ಟರೂ ಅಷ್ಟೆ. ಉಪ್ಪಿನಕಾಯಿ ಅಂತ ಕೊಟ್ಟು ಒಳಗೆ ಮತ್ತೆ ಎಂತದೋ ಇಟ್ಟ ಕತೆ ಗಲ್ಫಿನಲ್ಲಿ ಯಾರು ಕೇಳಿಲ್ಲ? ಮಾದಕ ಪದಾರ್ಥದ ವಿಷಯದಲ್ಲಿ ಇಲ್ಲಿಯ ಕಾನೂನು ಬಹಳ ಬಿಗಿ. ಚೀಲ ಯಾರದೋ ಜವಾಬ್ದಾರಿ ಅವರದ್ದೇ, ನನಗೆ ಗೊತ್ತಿರಲಿಲ್ಲ ಅಂದ್ರೆ ನಡೆಯುವುದಿಲ್ಲ. ಬಿಚ್ಚಿ ತೋರಿಸಿ ಅಂದಾಗ ಮುಖ ಸಣ್ಣ ಮಾಡುವವರ ಪೊಟ್ಟಣ ವಾಪಸು ಕೊಟ್ಟುಬಿಡಿ. ಸರಿಯಾದವರು ಯಾರೂ ಬೇಸರ ಮಾಡುವುದಿಲ್ಲ, ತಾವೇ ಮೊದಲು ಬಿಚ್ಚಿ ತೋರಿಸ್ತಾರೆ.

ಹಿಂದೆ ಬರುವಾಗಲೂ ಹೀಗೇ ಯೋಚಿಸಿ. ಕುಚ್ಚಲಕ್ಕಿ, ಬ್ಯಾಡಗಿ ಮೆಣಸು, ತೆಂಗಿನೆಣ್ಣೆ ಎಲ್ಲ ಇಲ್ಲಿಯೇ ರೂವಿಯಲ್ಲಿ ಸಿಗ್ತದೆ, ಹೊತ್ತು ತರಬೇಡಿ. ಇಲ್ಲಿ ಸಿಗದ್ದು ಅಂದ್ರೆ ಅಮ್ಮನ ಕೈಯ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮಾಂಬಳ, ಮನೆಯಲ್ಲೇ ಹುರಿದ ಸಾರಿನ ಪುಡಿ, ಪುನರ್ಪುಳಿಯ ಒಣಸಿಪ್ಪೆ. ಹಪ್ಪಳಕ್ಕೆ ತೂಕವೇ ಇಲ್ಲ, ಬಟ್ಟೆಯ ನಡುವೆ ಇಟ್ಟರೆ ಒಡೆಯುವುದೂ ಇಲ್ಲ. ಒಣ ಕೊಬ್ಬರಿ ಮಾತ್ರ ಬೇಡ. ಅದರಲ್ಲಿ ಎಣ್ಣೆ ಜಾಸ್ತಿ, ಬಿಸಿಯಾದರೆ ತಾನೇ ಹೊತ್ತಿಕೊಳ್ಳಬಹುದು ಅಂತ 2022ರಿಂದ ನಮ್ಮ ವಿಮಾನ ನಿಲ್ದಾಣಗಳಲ್ಲಿ ಲಗೇಜಿನಲ್ಲಿ ಬಿಡುವುದಿಲ್ಲ. ಗಸಗಸೆಯೂ ಬೇಡ, ಮಕ್ಕಳಿಗೆ ಪಾಯಸ ಎಷ್ಟೇ ಇಷ್ಟ ಇದ್ರೂ. ಗಲ್ಫಿನ ಹಲವು ದೇಶಗಳಲ್ಲಿ ಅದು ಅಫೀಮಿನ ಲೆಕ್ಕಕ್ಕೆ ಬರ್ತದೆ, ಒಂದು ಮುಷ್ಟಿಗೆ ಜೈಲು ಕಾಣುವ ಗಂಡಾಂತರ ಯಾಕೆ? ಪಾಯಸ ಊರಿನಲ್ಲೇ ಹೊಟ್ಟೆ ತುಂಬ ಕುಡಿದು ಬನ್ನಿ.

ಮತ್ತೆ ಅಕ್ಕ, ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣ ಉಂಟು. ಕೆಳಗೆ ಕೆಫೆಟೇರಿಯಾದಲ್ಲಿ ಚಾ ಕೊಡುವ ಹುಡುಗ ಇದ್ದಾನಲ್ಲ, ಬೈಂದೂರು ಕಡೆಯವನು. ಊರಿಗೆ ಹೋಗದೆ ಎರಡು ವರ್ಷ ದಾಟಿತು. ತಾಯಿಗೆ ಮಂಡಿ ನೋವು, ಒಂದು ಬಾಟ್ಲಿ ಕೊಡಲಿ ಎಣ್ಣೆ, ಸ್ವಲ್ಪ ಖರ್ಜೂರ, ತಂಗಿಗೆ ಒಂದು ಶಾಲೆಯ ಚೀಲ ಕಳಿಸಬೇಕು ಅಂತ ಆಸೆ. ಅವನ ಸಂಬಳಕ್ಕೆ ಕಾರ್ಗೋದವರ ದರ ಆಗುವುದಿಲ್ಲ. ಚಿಕ್ಕಪ್ಪ ಉಡುಪಿ ಬಸ್‌ಸ್ಟ್ಯಾಂಡಿಗೆ ಬಂದು ತಗೊಂಡು ಹೋಗ್ತಾರಂತೆ. ನೀವು ಹೋಗುವುದು ಅವನಿಗೆ ಗೊತ್ತುಂಟು. ಮೊನ್ನೆ ನನ್ನ ಹತ್ತಿರ ಕೇಳಿದ, ಅಕ್ಕನವರು ಯಾವತ್ತು ಹೊರಡುವುದು ಅಂತ. ಅಷ್ಟು ಕೇಳಿ ಸುಮ್ಮನಾದ.

ಆ ನಾಲ್ಕು ಸೀರೆಯಲ್ಲಿ ಮೂರು ತೆಗೆದರೆ ಎರಡು ಕಿಲೋ ಸಲೀಸು. ಇವತ್ತೇ ಚಾ ತರಲಿಕ್ಕೆ ಇಳಿದಾಗ ನೀವಾಗಿ ಅವನಿಗೆ ಹೇಳಿ, ಎರಡು ಕಿಲೋ ಜಾಗ ಉಂಟು, ಬಿಚ್ಚಿಕೊಂಡೇ ತಗೊಂಡು ಬಾ ಅಂತ. ಅವನಾಗಿ ಕೇಳುವುದಿಲ್ಲ, ಸಂಕೋಚದ ಹುಡುಗ.