ಯಲಹಂಕ ಬೆಡ್‌ರೂಮಿಗೆ ಬರಕೂಡದು

ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. ಕೋಲಾರದಿಂದ ತಾಲ್ಲೂಕುಗಳನ್ನು ಬಿಡಿಸಿ ಸರ್ಕಾರ ಒಂದು ಆದೇಶದಲ್ಲಿ ಜೋಡಿಸಿಬಿಟ್ಟಿತು. ಅದೇ ಜಿಲ್ಲೆಯ ನಾಲ್ಕು ಊರುಗಳನ್ನು ನಾಲ್ಕು ಪ್ಲೈವುಡ್ ಹಲಗೆಗಳ ಮೇಲೆ ಜೋಡಿಸಲು ಚಿಂತಾಮಣಿಯ ಒಬ್ಬ ನಿವೃತ್ತ ಫಿಸಿಕ್ಸ್ ಮೇಷ್ಟ್ರು ಹೊರಟಿದ್ದಾರೆ. ಆದೇಶ ಹೊರಡಿಸುವ ಅಧಿಕಾರ ಅವರಿಗಿಲ್ಲ; ಇರುವುದು ಒಂದು ಸೋಲ್ಡರಿಂಗ್ ಐರನ್ನು. (ಮೇಷ್ಟ್ರೂ ಇದನ್ನು ಬರೆಯುತ್ತಿರುವಾತನೂ ಒಬ್ಬರೇ ಇರಬಹುದೇ ಎಂಬ ಗುಮಾನಿ ಬಂದವರು ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕಾಗಿ ವಿನಂತಿ.)

ಮಾಡುತ್ತಿರುವುದು ಆಟಿಕೆ ರೈಲು ಎಂದರೆ ಮೇಷ್ಟ್ರಿಗೆ ಸಿಟ್ಟು. ಮಾಡೆಲ್ ರೈಲ್ವೆ ಎನ್ನಬೇಕು. ಅಸಲಿನ 87ರಲ್ಲಿ ಒಂದು ಪಾಲು. 1915ರಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಬಂದ ನ್ಯಾರೋಗೇಜಿನ ಹಳಿಗಳ ನಡುವೆ ಇದ್ದದ್ದು ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. 87ರಿಂದ ಭಾಗಿಸಿದರೆ 8.76. ಅಂಗಡಿಯಲ್ಲಿ ಸಿಗುವುದು 9 ಮಿಲಿಮೀಟರಿನ ಹಳಿ. ಮಿಕ್ಕ ಕಾಲು ಮಿಲಿಮೀಟರನ್ನು ಮೇಷ್ಟ್ರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದಾರೆ. ಚಿಕ್ಕಬಳ್ಳಾಪುರದ ಹಲಗೆಯ ಅಂಚಿನಲ್ಲಿ ನಂದಿ ಹಾಲ್ಟಿನ ಹೆಂಚಿನ ಮಾಡು, ಆಮೇಲೆ ಶಿಡ್ಲಘಟ್ಟ, ಆಮೇಲೆ ಚಿಂತಾಮಣಿ. ಇಷ್ಟೂ ಮನೆಯ ಹಾಲಿನಲ್ಲಿ. ನೆಂಟರು ಬಂದರೆ ಊರುಗಳು ಒಂದೊಂದಾಗಿ ಕಳಚಿ ಮಂಚದ ಕೆಳಗೆ ಹೋಗಬೇಕು ಎಂಬ ಷರತ್ತಿನ ಮೇಲೆ ಮನೆಯಾಕೆ ಕೊಟ್ಟಿರುವ ಅನುಮತಿ ಅದು.

ಕಳಚುವ ಹಲಗೆ ಎಂದ ಕೂಡಲೇ ಸಂಧಿಯ ಸಮಸ್ಯೆ. ಗಾಡಿಯ ಚಕ್ರಕ್ಕೆ ಇರುವ ಅಂಚು ಮಿಲಿಮೀಟರಿಗೂ ಕಡಿಮೆ ಆಳದ್ದು. ಒಂದು ಹಲಗೆಯ ಹಳಿ ಪಕ್ಕದ ಹಲಗೆಯ ಹಳಿಗಿಂತ ಕೂದಲೆಳೆಯಷ್ಟು ಸರಿದಿದ್ದರೂ ಶಿಡ್ಲಘಟ್ಟ ಬಿಟ್ಟ ಗಾಡಿ ಚಿಂತಾಮಣಿಗೆ ಬರುವುದಿಲ್ಲ, ನೆಲಕ್ಕೆ ಬರುತ್ತದೆ. ಪುಣೆಯ ಜೋಶಿಯವರು ತಮ್ಮ ಪುಟಾಣಿ ರೈಲುಗಳ ಊರನ್ನು 1998ರಲ್ಲಿ ಮ್ಯೂಸಿಯಂ ಮಾಡಿ ಒಂದೇ ಕಡೆ ನೆಲೆ ನಿಲ್ಲಿಸಿದ ಜಾಣತನವನ್ನು ಮೇಷ್ಟ್ರು ದಿನಕ್ಕೊಮ್ಮೆ ನೆನೆಯುತ್ತಾರೆ.

ಬೋಲ್ಟು ಬಿಗಿದರೆ ಮುಗಿಯಿತಲ್ಲ ಎನ್ನುವವರಿಗೆ ಮೇಷ್ಟ್ರ ಪಾಠ ಹೀಗೆ: ಬೋಲ್ಟಿನ ಕೆಲಸ ಎಳೆದು ಹಿಡಿಯುವುದು, ಜಾಗ ತೋರಿಸುವುದು ಅದರ ಕೆಲಸವಲ್ಲ. ಬೋಲ್ಟಿನ ತೂತು ಯಾವಾಗಲೂ ಬೋಲ್ಟಿಗಿಂತ ಚೂರು ದೊಡ್ಡದು, ಆ ಚೂರಿನಲ್ಲೇ ಹಲಗೆ ಅಲ್ಲಾಡುತ್ತದೆ. ಜಾಗ ತೋರಿಸಲು ಒಂದರಲ್ಲೊಂದು ಬಿಗಿಯಾಗಿ ಕೂರುವ ಹಿತ್ತಾಳೆಯ ಗೂಟ ಮತ್ತು ಬಟ್ಟಲು ಬೇಕು. ಅದಿಲ್ಲದಿದ್ದರೆ ಪಿನ್ನು ಎಳೆದರೆ ಬಿಚ್ಚಿಕೊಳ್ಳುವ ಬಾಗಿಲ ಕೀಲು. ಹಳಿಯ ತುದಿಯನ್ನು ಪ್ಲಾಸ್ಟಿಕ್ ಸ್ಲೀಪರಿನ ಭರವಸೆಗೆ ಬಿಡಬಾರದು. ಹಲಗೆಯ ಅಂಚಿಗೆ ಹಿತ್ತಾಳೆಯ ಸ್ಕ್ರೂ ಇಳಿಸಿ, ಅದರ ತಲೆಗೇ ಹಳಿಯನ್ನು ಬೆಸೆಯಬೇಕು. ಹಳಿಯ ಲೋಹ ನಿಕಲ್ ಸಿಲ್ವರ್. ಹೆಸರಿನ ಬೆಳ್ಳಿ ಅದರಲ್ಲಿ ಗುಲಗಂಜಿಯಷ್ಟೂ ಇಲ್ಲ, ತಾಮ್ರ, ನಿಕಲ್, ಸತು ಅಷ್ಟೆ. ಅರಿಶಿನ-ಕುಂಕುಮದ ಜರ್ಮನ್ ಸಿಲ್ವರ್ ತಟ್ಟೆಗಳೂ ಇದೇ ಜಾತಿಯವು ಎಂದು ತಿಳಿದಾಗಿನಿಂದ ಮನೆಯಾಕೆ ತಟ್ಟೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ.

ಇಷ್ಟಾದರೂ ಮರ ಸುಮ್ಮನಿರುವುದಿಲ್ಲ. ಒಂದು ಮೀಟರ್ ಹಳಿ 20 ಡಿಗ್ರಿ ಹೆಚ್ಚಿನ ಸೆಖೆಗೆ ಮಿಲಿಮೀಟರಿನ ಮೂರರಲ್ಲೊಂದು ಪಾಲು ಹಿಗ್ಗಿದರೆ, ಅದರಡಿಯ ಮರಕ್ಕೆ ಸೆಖೆಯ ಲೆಕ್ಕವೇ ಇಲ್ಲ. ಅದು ಉಬ್ಬುವುದು ತೇವಕ್ಕೆ. ಎತ್ತು ಏರಿಗೆ, ಕೋಣ ನೀರಿಗೆ.

ತುದಿಗೆ ತುದಿ ಕೂಡಿಸಲು ಬಲ್ಲವರ ಉಪಾಯ ಒಂದಿದೆ. ಎರಡು ಹಲಗೆಗಳನ್ನು ಬಿಗಿದು, ಸಂಧಿಯ ಮೇಲೆ ಒಂದೇ ಉದ್ದ ಹಳಿ ಹಾಯಿಸಿ, ಆಚೆಗೂ ಈಚೆಗೂ ಬೆಸೆದು, ಆಮೇಲೆ ನಡುವೆ ಕತ್ತರಿಸುವುದು. ಒಂದಾಗಿದ್ದದ್ದೇ ಎರಡಾದ ಮೇಲೆ ಅವು ಎದುರುಬದುರು ಕೂರಲೇಬೇಕು. ಆ ಕತ್ತರಿಸುವ ದಿನ ಒಂದು ಭಾನುವಾರ ಬಂತು.

ಫ್ಯಾನು ನಿಂತಿತು. ಕುಕ್ಕರಿಗೆ ಮೂರನೆಯ ಸೀಟಿ ಹೊಡೆಯಲು ಅವಕಾಶ ಸಿಗಲಿಲ್ಲ. "ಯಾರೂ ಓಡಾಡಬೇಡಿ, ನೆಲ ಅದುರುತ್ತೆ" ಎಂದರು ಮೇಷ್ಟ್ರು. ಮನೆಯಾಕೆಯ ತವರು ಗೌರಿಬಿದನೂರು. ದೂರ ದೇಶಗಳ ಭೂಕಂಪ, ಅಣುಸ್ಫೋಟಗಳ ನಡುಕವನ್ನು ಹಿಡಿಯಲು ಈಗಿನ ಭಾಭಾ ಅಣು ಸಂಶೋಧನಾ ಕೇಂದ್ರ 1965ರಲ್ಲಿ ಸಾಲು ಸಾಲು ಮಾಪಕಗಳನ್ನು ಹೂತದ್ದು ಅಲ್ಲಿಯೇ. "ನಮ್ಮೂರಿನ ಮೆಷಿನ್ನಿಗೂ ಇಷ್ಟೊಂದು ಬಿಗುಮಾನ ಇಲ್ಲ ಕಣ್ರೀ" ಎಂದರು ಆಕೆ. ಮೇಷ್ಟ್ರು ಕನ್ನಡಕದ ಮೇಲೊಂದು ಕನ್ನಡಕ ಏರಿಸಿದರು. ಡ್ರಿಲ್ಲಿಗೆ ಸಿಕ್ಕಿಸಿದ ತೆಳು ಚಕ್ರ ಕಿರ್ರೆಂದಿತು. ಕಿಡಿ ಹಾರಿತು. ಎಡದ ಹಳಿ ಎರಡಾಯಿತು. ಚಕ್ರ ಬಲದ ಹಳಿಯ ನೆತ್ತಿ ಮುಟ್ಟಿತು, ಕರೆಂಟು ಹೋಯಿತು.

ಆಗ ಗೇಟಿನ ಸದ್ದಾಗಿ ಗೌರಿಬಿದನೂರಿನ ಬಳಗ ಊಟಕ್ಕೆ ಬಂದಿಳಿಯಿತು.

ಹಾಲಿನ ನಡುವೆ ಇದ್ದ ವಸ್ತು ಈಗ ಒಂದೂ ಅಲ್ಲ, ಎರಡೂ ಅಲ್ಲ. ಎಡಕ್ಕೆ ಶಿಡ್ಲಘಟ್ಟ ಬೇರೆ, ಚಿಂತಾಮಣಿ ಬೇರೆ; ಬಲಕ್ಕೆ ಇನ್ನೂ ಕೂಡುಕುಟುಂಬ. ಎತ್ತಿದರೆ ಉಳಿದ ಹಳಿ ತಿರುಚಿಕೊಳ್ಳುತ್ತದೆ. ಮಂಚದ ಕೆಳಗೆ ಒಟ್ಟಿಗೆ ತೂರಿಸಲು ಎರಡೂ ಊರು ಹಿಡಿಸುವುದಿಲ್ಲ. "ಹ್ಯಾಕ್ಸಾ ಬ್ಲೇಡ್ ಕೊಡಿ ಭಾವ, ಎರಡು ಎಳೆತದ ಕೆಲಸ" ಎಂದ ಭಾವಮೈದನ ಕಡೆಗೆ ಮೇಷ್ಟ್ರು ನೋಡಿದ ನೋಟ, ಹಳೆಯ ವಿದ್ಯಾರ್ಥಿಗಳು ಮಾತ್ರ ಬಲ್ಲಂಥದು. ಕೈಯೆಳೆತಕ್ಕೆ ಹಳಿ ಜರುಗುತ್ತದೆಂದು ಬಿಡಿಸಿ ಹೇಳಲು ವ್ಯವಧಾನವಿರಲಿಲ್ಲ. ಊಟ ಅಲ್ಲೇ ನಡೆಯಿತು. ಶಿಡ್ಲಘಟ್ಟದ ಕಡೆ ಹೆಂಗಸರು, ಚಿಂತಾಮಣಿಯ ಕಡೆ ಗಂಡಸರು, ತಟ್ಟೆಗಳು ತೊಡೆಯ ಮೇಲೆ. ಮುದ್ದೆ ಹಾದುಹೋದದ್ದು ಹಳಿಗಳ ಮೇಲಿನಿಂದ. ಬಸ್ಸಾರಿನ ಸೌಟು ಸಂಧಿಯ ನೇರಕ್ಕೆ ಬಂದಾಗಲೆಲ್ಲ ಮೇಷ್ಟ್ರು ಎರಡೂ ಅಂಗೈಗಳನ್ನು ಹಳಿಗೆ ಕೊಡೆ ಹಿಡಿಯುತ್ತಿದ್ದರು. ಸಾರು ಬಿದ್ದು ಒಣಗಿದ ಹಳಿಯ ಮೇಲೆ ಚಕ್ರಕ್ಕೆ ವಿದ್ಯುತ್ ಸರಿಯಾಗಿ ಸಿಗುವುದಿಲ್ಲ ಎಂಬುದು ನಿಜವೇ. ಆದರೆ ಮಜ್ಜಿಗೆಯ ಸರದಿ ಬಂದಾಗಲೂ ಕೈ ತೆಗೆಯದೆ ಕೂತ ಮನುಷ್ಯನಿಗೆ ಮಡದಿಯೇ ಲೋಟ ಎತ್ತಿ ಕುಡಿಸಬೇಕಾಯಿತು. ಅದನ್ನು ಮೊಬೈಲಿನಲ್ಲಿ ಹಿಡಿದವರ ಹೆಸರು ಬೇಡ.

ಸಂಜೆ ಕರೆಂಟು ಬಂದು ಬಲದ ಹಳಿಯೂ ತುಂಡಾಯಿತು. ವ್ಯಾಗನ್ನು ಟಕ್ಕೆಂದು ದಾಟಿತು.

"ಇದರಿಂದ ಉಪಯೋಗ ಏನು?" ಎಂದು ಒಬ್ಬರು ಕೇಳಿಯೇ ಹೋದರು. ಮನೆಗೆ ಬಂದವರೆಲ್ಲ ಕೇಳುವ ಮಾತೇ. ಮನೆಯಲ್ಲಿ ಮೂರು ಟೀವಿ ಇಟ್ಟುಕೊಂಡವರು ಹೆಚ್ಚಾಗಿ ಕೇಳುತ್ತಾರೆ. ಅಸಲಿ ಹಳಿಯ ಬಗ್ಗೆ ಈ ಪ್ರಶ್ನೆಯನ್ನು ಯಾರೋ ಕಡತದಲ್ಲಿ ಕೇಳಿದ್ದಿರಬೇಕು ಎಂದು ಮೇಷ್ಟ್ರ ಅನುಮಾನ. ನ್ಯಾರೋಗೇಜಿನ ಗಾಡಿ ನಿಂತ ಮೇಲೆ ಚಿಕ್ಕಬಳ್ಳಾಪುರ–ಕೋಲಾರದ ನಡುವೆ ಬ್ರಾಡ್‌ಗೇಜ್ ಪೂರ್ತಿಯಾದದ್ದು 2013ರಲ್ಲಿ. ನಡುವಿನ ವರ್ಷಗಳಲ್ಲಿ ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ರೈಲಿರಲಿಲ್ಲ. ರೈಲಿನ ಮೇಲಿನ ಲೆಕ್ಕಗಳನ್ನು ರೈಲು ನೋಡದ ಮಕ್ಕಳಿಗೆ ಮೇಷ್ಟ್ರು ಕಲಿಸಿದರು. ಎ ಊರಿನಿಂದ ಹೊರಟ ಗಾಡಿ ಬಿ ಊರನ್ನು ಎಷ್ಟು ಗಂಟೆಗೆ ತಲುಪುತ್ತದೆ ಎಂದರೆ, ಕೊನೆಯ ಬೆಂಚಿನ ಹುಡುಗ "ಬಸ್ಸಾದ್ರೆ ಹೇಳ್ತೀನಿ ಸಾರ್" ಎಂದಿದ್ದ. ಕ್ಲಾಸು ನಕ್ಕಿತು. ಮೇಷ್ಟ್ರಿಗೆ ನಗು ಬರಲಿಲ್ಲ.

ಉಳಿದಿರುವುದು ನಾಲ್ಕನೆಯ ಹಲಗೆ. ತವರೂರು ಬಿಟ್ಟ ಜಿಲ್ಲೆ ಎಂಥ ಜಿಲ್ಲೆ ಎಂಬ ಮನೆಯಾಕೆಯ ವಾದ ನ್ಯಾಯವಾದದ್ದೇ. ತೊಡಕೆಂದರೆ ಗೌರಿಬಿದನೂರು ಇರುವುದು 1890ರ ದಶಕದಲ್ಲಿ ಬಂದ ಗುಂತಕಲ್ ಮಾರ್ಗದ ಮೇಲೆ, ಅದು ಮೀಟರ್‌ಗೇಜು. ಅಂಗಡಿಯ ಪುಟಾಣಿ ಹಳಿಯಲ್ಲಿ 12 ಮಿಲಿಮೀಟರ್. ತವರಿಗೂ ಅತ್ತೆಮನೆಗೂ 3 ಮಿಲಿಮೀಟರಿನ ಅಂತರ. "ಈಗಿನ ಕಾಲದ್ದೇ ಮಾಡಿ, ಈಗ ಎಲ್ಲಾ ಒಂದೇ ಅಗಲ ಅಲ್ವಾ" ಎಂದರು ಆಕೆ. ಬ್ರಾಡ್‌ಗೇಜಿನ 1676 ಮಿಲಿಮೀಟರಿಗೆ 19.26 ಬೇಕು, ಪೇಟೆಯಲ್ಲಿರುವುದು ಯುರೋಪಿನ ಅಗಲದ 16.5, ಕಾಲು ಮಿಲಿಮೀಟರು ಕ್ಷಮಿಸಿದವರಿಗೆ ಇದನ್ನು ಕ್ಷಮಿಸುವುದು ಆಗದು. ಹೋಗಲಿ, ಅಗಲ ಒಂದಾದರೂ ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ನೇರ ಹಳಿಯೇ ಇಲ್ಲ. ಒಂದೇ ಜಿಲ್ಲೆಯ ಈ ಎರಡು ಊರುಗಳ ಹಳಿ ಕೂಡುವುದು ಜಿಲ್ಲೆಯಾಚೆಯ ಯಲಹಂಕದಲ್ಲಿ.

ಹಾಗಾಗಿ ಐದನೆಯ ಹಲಗೆ ಬೇಕು, ಹಾಲಿನಲ್ಲಿ ಜಾಗವಿಲ್ಲ. "ಯಲಹಂಕ ಬೆಡ್‌ರೂಮಿಗೆ ಬರಕೂಡದು" ಎಂದು ಮನೆಯಾಕೆ ಖಡಾಖಂಡಿತವಾಗಿ ಹೇಳಿದ್ದಾರೆ. ತವರು ಬೇಕಾದರೆ ಯಲಹಂಕ ಬರಲೇಬೇಕು ಎಂದು ಮೇಷ್ಟ್ರು ಅಷ್ಟೇ ಖಡಾಖಂಡಿತವಾಗಿ, ಸ್ವಲ್ಪ ಮೆಲ್ಲಗೆ ಹೇಳಿದ್ದಾರೆ. ಕರೆಸಿದ ಆಚಾರಿ ಬೆಡ್‌ರೂಮಿನ ಹೊಸ್ತಿಲಿಗೆ ಟೇಪು ಹಿಡಿದು, ಇಬ್ಬರ ಮುಖವನ್ನೂ ನೋಡಿ ಕೇಳಿದ:

"ಸಾರ್, ಈಗ ಬಾಗಿಲು ಕೀಳೋದಾ, ಯಲಹಂಕ ಕೊಯ್ಯೋದಾ?"